ಕಂಪನಿ ಖರ್ಚು ನಮ್ಮ ಜೇಬಿಂದ, ಸಂಬಳ ಇಲ್ದೇ ಕೆಲಸ: ಬರ್ದಿಟ್ಟು, ಲೆಕ್ಕ ಹಾಕಿ, ಕೇಳೋದು ಹೇಗೆ

ನಾನು 4 ವರ್ಷ ಬಿಲ್ಲಿಂಗ್ ಕೌಂಟರಲ್ಲಿ ಕೂತಿದ್ದೆ, ಆಮೇಲೆ 2 ವರ್ಷ ಅದೇ ಕಡೆ ಸೂಪರ್‌ವೈಸರ್ ಆಗಿದ್ದೆ. ಹಾಗಾಗಿ ಸಂಬಳದಲ್ಲಿ ಕಟ್ ಆಗಿ ಬಂದಾಗ ಹೊಟ್ಟೆ ಹೇಗೆ ಉರಿಯತ್ತೆ ಅಂತಾನೂ ಗೊತ್ತು, ಬೇರೆಯವರ ಸಂಬಳ ಕಟ್ ಮಾಡೋ ಶೀಟಿಗೆ ಸೈನ್ ಹಾಕಿ ಮನೆಗೆ ಬಂದು ನಿದ್ದೆ ಬರ್ದೇ ಹೊರಳಾಡೋದೂ ಗೊತ್ತು. ಕೆಳಗಿನ ಸ್ಟಾಫ್ ತಲೆ ಮೇಲೆ ಕಟ್ಟೋ ಖರ್ಚು ಯಾವತ್ತೂ ದೊಡ್ಡ ಮೊತ್ತವಾಗಿ ಬರಲ್ಲ, ಹತ್ತು ನಿಮಿಷ, ಒಂದು ರೀಚಾರ್ಜ್, ಒಂದು ಜೊತೆ ಶೂ, ಒಂದು ಸಣ್ಣ ಕಟಿಂಗ್, ಹೀಗೆ ಚೂರು ಚೂರಾಗಿ ಬರತ್ತೆ, ಅದಕ್ಕೇ ಕಣ್ಣಿಗೆ ಬೀಳಲ್ಲ, ಇಷ್ಟಕ್ಕೆಲ್ಲಾ ಕೇಳೋದಾ ಅಂತ ಸಂಕೋಚ ಬೇರೆ ಆಗತ್ತೆ. ಬರ್ದಿಟ್ಟು ಒಟ್ಟು ಹಾಕಿದ ದಿನವೇ ಅದು ಎಷ್ಟು ಅಂತ ಗೊತ್ತಾಗೋದು. ಅದಕ್ಕೆ ನಾನಿಲ್ಲಿ ಹೇಳ್ತಿರೋದೆಲ್ಲಾ ಒಂದು ನೋಟ್‌ಬುಕ್ ಸುತ್ತಾನೇ ಇದೆ.

ಯಾವುದನ್ನ ಬರೀಬೇಕು

ಏನೇ ಹೊಸ ಕೆಲಸ, ಹೊಸ ಖರ್ಚು ಬಂದ್ರೂ ಎರಡು ಪ್ರಶ್ನೆ ಕೇಳ್ಕೊಳ್ಳಿ. ನಾನು ಈ ಕೆಲಸದಲ್ಲಿ ಇಲ್ದೇ ಇದ್ದಿದ್ರೆ ಈ ದುಡ್ಡು ಖರ್ಚು ಮಾಡ್ತಿದ್ನಾ? ನಾನು ಇದನ್ನ ಮಾಡ್ದೇ ಹೋದ್ರೆ ಕಂಪನಿ ಬೇರೆ ಯಾರಿಗಾದ್ರೂ ದುಡ್ಡು ಕೊಟ್ಟು ಮಾಡಿಸ್ಬೇಕಿತ್ತಾ? ಮೊದಲನೇದಕ್ಕೆ ಇಲ್ಲ, ಎರಡನೇದಕ್ಕೆ ಹೌದು ಅಂತ ಬಂದ್ರೆ ಅದು ಬಿಸಿನೆಸ್ ಖರ್ಚು, ನಿಮ್ಮ ಖರ್ಚಲ್ಲ. ಲಾಭ ಬಂದಾಗ ಸ್ಟಾಫಿಗೆ ಪಾಲು ಕೊಡಲ್ಲ ಅಂದ್ಮೇಲೆ ನಷ್ಟಕ್ಕೂ ಸ್ಟಾಫನ್ನ ಪಾಲುದಾರರು ಮಾಡಬಾರದು, ಇದು ನಾನು ಮನಸಾರೆ ನಂಬಿರೋ ಮಾತು.

ಯೂನಿಫಾರ್ಮ್, ಅದರ ಶೂ, ಐಡಿ ಕಾರ್ಡ್ ಕಳೆದ್ರೆ ಹಾಕೋ ಚಾರ್ಜು, ಸ್ವಂತ ಗಾಡಿಲಿ ಬ್ಯಾಂಕಿಗೆ ಹೋಗ್ಬಂದ ಪೆಟ್ರೋಲ್, ಮನೇಲಿ ಕೂತು ಮುಗಿಸ್ಬೇಕಾದ ಆನ್‌ಲೈನ್ ಟ್ರೈನಿಂಗ್, ಶಿಫ್ಟಿಗೆ 15 ನಿಮಿಷ ಮುಂಚೆ ಮೀಟಿಂಗ್, ಪಂಚ್ ಔಟ್ ಆದ್ಮೇಲೆ ಕ್ಯಾಶ್ ಟ್ಯಾಲಿ, ರಜೆ ದಿನ ಫೋನಲ್ಲಿ ಹೊಸಬರಿಗೆ ಕೆಲಸ ಹೇಳ್ಕೊಡೋದು, ‘ಟ್ರಯಲ್’ ಅಂತ ಸಂಬಳ ಇಲ್ದೇ ಮಾಡಿಸ್ಕೊಳ್ಳೋ ಮೊದಲ ಮೂರ್ನಾಲ್ಕು ದಿನ, ಇವೆಲ್ಲಾ ನೋಟ್‌ಬುಕ್ಕಿಗೆ ಹೋಗ್ಬೇಕು. ಬ್ರೇಕ್ ಟೈಮಲ್ಲಿ ಕರೆದು ಕೌಂಟರಿಗೆ ನಿಲ್ಲಿಸಿದ್ರೆ ಅದನ್ನೂ ಬರೀರಿ. ಅರ್ಧ ಗಂಟೆ ಬ್ರೇಕ್ ಅಂತ ಸಂಬಳದಿಂದ ಕಳೆದಿರ್ತಾರೆ, ಆದ್ರೆ ನೀವು ಕೂತಿದ್ದು ಎಂಟೇ ನಿಮಿಷ ಆಗಿರತ್ತೆ.

ನೋಟ್‌ಬುಕ್ ಹೇಗಿರ್ಬೇಕು

ಬೈಂಡ್ ಆಗಿರೋ ಸಣ್ಣ ಪುಸ್ತಕ ತಗೊಳ್ಳಿ, ಬಿಡಿ ಹಾಳೆ ಬೇಡ. ಪೆನ್ನಲ್ಲೇ ಬರೀರಿ, ಅವತ್ತಿಂದು ಅವತ್ತೇ ಬರೀರಿ. ತಾರೀಖು, ರೋಸ್ಟರಲ್ಲಿ (ಶಿಫ್ಟ್ ಪಟ್ಟಿಲಿ) ಇದ್ದ ಟೈಮು, ನಿಜವಾಗ್ಲೂ ಬಂದ ಟೈಮು, ನಿಜವಾಗ್ಲೂ ಹೊರಟ ಟೈಮು, ಆ ಹೆಚ್ಚಿನ ನಿಮಿಷದಲ್ಲಿ ಮಾಡಿದ್ದೇನು, ಮಾಡಕ್ಕೆ ಹೇಳಿದ್ದು ಯಾರು, ಕೈಯಿಂದ ಖರ್ಚಾಗಿದ್ದೆಷ್ಟು. ಬೈಗುಳ, ಸಿಟ್ಟು, ನಿಮ್ಮ ಅಭಿಪ್ರಾಯ ಇದ್ರಲ್ಲಿ ಬರೀಬೇಡಿ, ನಾಳೆ ಬೇರೆಯವರು ಓದಿದ್ರೆ ಬರೀ ಕೆಲಸದ ಲೆಕ್ಕವೇ ಕಾಣ್ಬೇಕು. ಒಂದು ದಿನ ಹೆಚ್ಚಿಗೆ ಕೆಲಸ ಇರ್ಲಿಲ್ಲ ಅಂದ್ರೆ ‘ಇವತ್ತು ಟೈಮಿಗೆ ಹೊರಟೆ’ ಅಂತಾನೂ ಬರೀರಿ, ಪ್ರತಿದಿನ ಒಂದೇ ಥರ ರೌಂಡ್ ಫಿಗರ್ ಹಾಕಿರೋ ಪುಸ್ತಕನ ಯಾರೂ ನಂಬಲ್ಲ, 7 ನಿಮಿಷ, 19 ನಿಮಿಷ, ಸೊನ್ನೆ, 23 ನಿಮಿಷ ಅಂತಿರೋದನ್ನ ನಂಬ್ತಾರೆ.

ಆಫೀಸ್ ಕಂಪ್ಯೂಟರಲ್ಲಿ, ಕಂಪನಿ ಕೊಟ್ಟ ಫೋನಲ್ಲಿ ಇದನ್ನ ಇಡಬೇಡಿ, ಕೆಲಸ ಬಿಟ್ಟ ದಿನ ಅದು ಕೈಗೆ ಸಿಗಲ್ಲ. ಮೆಸೇಜ್ ಇದ್ರೆ ಸ್ಕ್ರೀನ್‌ಶಾಟ್ ತಗೊಳ್ಳುವಾಗ ಕಳಿಸಿದವರು, ತಾರೀಖು, ಟೈಮು ಮೂರೂ ಕಾಣೋ ಹಾಗೆ ತಗೊಂಡು ನಿಮ್ಮ ಸ್ವಂತ ಇಮೇಲಿಗೆ ಕಳಿಸ್ಕೊಳ್ಳಿ, ಯಾಕಂದ್ರೆ ವಾಟ್ಸಾಪ್ ಗ್ರೂಪಲ್ಲಿ ಮೆಸೇಜ್ ಡಿಲೀಟ್ ಮಾಡಕ್ಕೂ, ನಿಮ್ಮನ್ನೇ ಗ್ರೂಪಿಂದ ತೆಗೆಯೋದಕ್ಕೂ ಒಂದು ನಿಮಿಷ ಸಾಕು. ಆದ್ರೆ ಕಸ್ಟಮರ್ ಡೀಟೇಲ್ಸ್, ಕಂಪನಿ ಫೈಲು, ಸಿಸಿಟಿವಿ ಕ್ಲಿಪ್ಪು ಇದ್ಯಾವುದನ್ನೂ ಕದ್ದು ಇಟ್ಕೊಳ್ಳಕ್ಕೆ ಹೋಗ್ಬೇಡಿ, ಆಮೇಲೆ ಕಟಿಂಗ್ ವಿಷಯ ಪಕ್ಕಕ್ಕೆ ಹೋಗಿ ನಿಮ್ಮ ಮೇಲೇ ಕೇಸಾಗತ್ತೆ. ರೋಸ್ಟರ್, ಪೇ ಸ್ಲಿಪ್, ಅಪಾಯಿಂಟ್‌ಮೆಂಟ್ ಲೆಟರ್, ನಿಮಗೆ ಬಂದ ಮೆಸೇಜು, ನಿಮ್ಮ ಬಿಲ್ಲು, ಇಷ್ಟಿದ್ರೆ ಸಾಕಾಗತ್ತೆ.

ನಮ್ಮ ಕೈಬರಹದ ಪುಸ್ತಕನ ಯಾರು ಕೇಳ್ತಾರೆ ಅಂತ ಅನ್ಸತ್ತೆ, ನಂಗೂ ಅನ್ಸಿತ್ತು. ಆದ್ರೆ 1946ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟು ಮೌಂಟ್ ಕ್ಲೆಮೆನ್ಸ್ ಪಾಟರಿ ಅನ್ನೋ ಕಂಪನಿ ಕೇಸಲ್ಲಿ ಹೇಳಿದ್ದೇನಂದ್ರೆ, ಕೆಲಸದ ಗಂಟೆ ಸರಿಯಾಗಿ ಬರ್ದಿಡೋ ಜವಾಬ್ದಾರಿ ಮಾಲೀಕರದ್ದು, ಅವರು ಬರ್ದಿಟ್ಟಿಲ್ಲ ಅಂದ್ರೆ ಅದರ ನಷ್ಟ ಕೆಲಸಗಾರರ ಮೇಲೆ ಬೀಳಬಾರದು, ಕೆಲಸಗಾರರು ಒಂದು ನ್ಯಾಯವಾದ ಅಂದಾಜು ಕೊಟ್ರೂ ಸಾಕು, ಅದು ತಪ್ಪು ಅಂತ ತೋರಿಸ್ಬೇಕಾದೋರು ಮಾಲೀಕರು ಅಂತ. ಯುರೋಪಲ್ಲಿ 2019ರ ಮೇ ತಿಂಗಳಲ್ಲಿ ಯುರೋಪಿಯನ್ ಯೂನಿಯನ್ನಿನ ಕೋರ್ಟು, ಸ್ಪೇನಿನ ಒಂದು ಯೂನಿಯನ್ ಡಾಯ್ಚ ಬ್ಯಾಂಕ್ ವಿರುದ್ಧ ಹಾಕಿದ ಕೇಸಲ್ಲಿ, ಪ್ರತಿಯೊಬ್ಬ ಕೆಲಸಗಾರ ದಿನಕ್ಕೆ ಎಷ್ಟು ಹೊತ್ತು ಕೆಲಸ ಮಾಡ್ದ ಅಂತ ಅಳೆಯೋ ನಂಬಿಕಸ್ತ ವ್ಯವಸ್ಥೆ ಮಾಲೀಕರು ಇಡ್ಲೇಬೇಕು ಅನ್ನೋ ಹಾಗೆ ದೇಶಗಳು ನಿಯಮ ಮಾಡ್ಬೇಕು ಅಂತ ತೀರ್ಪು ಕೊಡ್ತು. ಅಂದ್ರೆ ನಿಮ್ಮ ಪುಸ್ತಕಕ್ಕೆ ಬೆಲೆ ಇದೆ, ಅದರಲ್ಲೂ ಕಂಪನಿ ಹತ್ರ ಬರೀ ರೋಸ್ಟರ್ ಇದ್ದು ನಿಜವಾದ ಟೈಮಿನ ದಾಖಲೆ ಇಲ್ದೇ ಇದ್ದಾಗ.

ಲೆಕ್ಕ ಹಾಕೋದು

ಇದು ಸುಲಭ, ಆದ್ರೆ ಕೂತು ಮಾಡ್ಬೇಕು ಅಷ್ಟೇ. ದಿನಕ್ಕೆ 20 ನಿಮಿಷ ಕ್ಲೋಸಿಂಗ್ (ಅಂಗಡಿ ಮುಚ್ಚುವಾಗಿನ ಕೆಲಸ), ತಿಂಗಳಿಗೆ 26 ದಿನ ಅಂದ್ರೆ 520 ನಿಮಿಷ, ಅಂದ್ರೆ 8 ಗಂಟೆ 40 ನಿಮಿಷ. ವರ್ಷಕ್ಕೆ 104 ಗಂಟೆ. 8 ಗಂಟೆ ಶಿಫ್ಟಿನ ಲೆಕ್ಕದಲ್ಲಿ ಪೂರ್ತಿ 13 ದಿನ ಸಂಬಳ ಇಲ್ದೇ ಕೆಲಸ ಮಾಡಿದ ಹಾಗಾಯ್ತು. ಹನಿ ಹನಿ ಕೂಡಿದರೆ ಹಳ್ಳ ಅಂತಾರಲ್ಲ, ಇಲ್ಲಿ ಹನಿ ನಮ್ಮದು, ಹಳ್ಳ ಬೇರೆಯವರ ಗದ್ದೆಗೆ ಹೋಗ್ತಿರತ್ತೆ.

ಹತ್ತು ನಿಮಿಷಕ್ಕೆ ಯಾರು ಕೋರ್ಟಿಗೆ ಹೋಗ್ತಾರೆ ಅನ್ನೋರಿಗೆ ಕ್ಯಾಲಿಫೋರ್ನಿಯಾದ ಒಂದು ಕೇಸ್ ಹೇಳ್ತೀನಿ. ಸ್ಟಾರ್‌ಬಕ್ಸಿನ ಒಬ್ಬ ಶಿಫ್ಟ್ ಸೂಪರ್‌ವೈಸರ್ ರಾತ್ರಿ ಪಂಚ್ ಔಟ್ ಆದ್ಮೇಲೆ ಆ ದಿನದ ಸೇಲ್ಸ್ ಲೆಕ್ಕ ಕಳಿಸೋದು, ಅಲಾರಂ ಹಾಕೋದು, ಬಾಗಿಲು ಲಾಕ್ ಮಾಡೋದು, ಜೊತೆಯವರನ್ನ ಅವರ ಕಾರಿನ ತನಕ ಬಿಟ್ಟು ಬರೋದು ಇಷ್ಟು ಮಾಡ್ಬೇಕಿತ್ತು, ದಿನಕ್ಕೆ 4ರಿಂದ 10 ನಿಮಿಷ. 17 ತಿಂಗಳಲ್ಲಿ ಅದು 12 ಗಂಟೆ 50 ನಿಮಿಷ ಆಯ್ತು, ಆಗಿನ ಕನಿಷ್ಠ ವೇತನದಲ್ಲಿ ಸುಮಾರು 102 ಡಾಲರ್. ಕಂಪನಿ ಇದು ತೀರಾ ಸಣ್ಣ ಹೊತ್ತು, ಲೆಕ್ಕಕ್ಕೆ ಬರಲ್ಲ ಅಂತು. 2018ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟು ಇದು ದಿನಾ ನಡೆಯೋ ಕೆಲಸ, ಇದಕ್ಕೆ ಸಂಬಳ ಕೊಡದೇ ಇರಕ್ಕಾಗಲ್ಲ, ಬಿಲ್ ಕಟ್ಟೋಕೋ ದಿನಸಿ ತರೋಕೋ ಆಗೋ ದುಡ್ಡು ಅದು ಅನ್ನೋ ಅರ್ಥದಲ್ಲಿ ತೀರ್ಪು ಬರೀತು. ಆ ತೀರ್ಪು ಓದಿದ ದಿನ ನಾನು ನನ್ನ ಹಳೇ ಡೈರಿ ತೆಗೆದು ಕ್ಲೋಸಿಂಗ್ ಟೈಮು ಕೂಡಿಸಿದ್ದೆ.

ಇನ್ನೊಂದು ಲೆಕ್ಕ ಕೂಡ ಮಾಡಿ. ಟ್ಯಾಕ್ಸ್ ಥರದ ಕಡಿತಕ್ಕೆ ಮುಂಚೆ ಇರೋ ಸಂಬಳ ತಗೊಂಡು ಅದ್ರಲ್ಲಿ ನೀವು ಕಂಪನಿಗೋಸ್ಕರ ಕೈಯಿಂದ ಹಾಕಿದ ದುಡ್ಡು ಕಳೀರಿ, ಉಳಿದಿದ್ದನ್ನ ರೋಸ್ಟರಿನ ಗಂಟೆಯಿಂದಲ್ಲ, ನಿಜವಾಗ್ಲೂ ಮಾಡಿದ ಗಂಟೆಯಿಂದ ಭಾಗಿಸಿ. ಬಂದ ಮೊತ್ತ ನಿಮ್ಮಲ್ಲಿರೋ ಕನಿಷ್ಠ ವೇತನಕ್ಕಿಂತ ಕಮ್ಮಿ ಆದ್ರೆ ನಿಮ್ಮ ವಾದ ತುಂಬಾ ಗಟ್ಟಿಯಾಗತ್ತೆ. ಅಮೆರಿಕದ ಫೆಡರಲ್ ಕಾನೂನಲ್ಲೂ ಬ್ರಿಟನ್ನಲ್ಲೂ ಯೂನಿಫಾರ್ಮ್ ಖರ್ಚು ಸ್ಟಾಫ್ ಮೇಲೆ ಹಾಕಿ ಅದರಿಂದ ಸಂಬಳ ಕನಿಷ್ಠ ವೇತನಕ್ಕಿಂತ ಕೆಳಗೆ ಇಳಿದ್ರೆ ಅದು ಕಾನೂನು ಮೀರಿದ ಹಾಗೇನೇ.

ಸ್ವಂತ ಫೋನ್

ಇದನ್ನ ಬೇರೆಯಾಗಿ ಹೇಳ್ಬೇಕು ಅಂತಿದ್ದೆ. ನನ್ ಜೊತೆ ಒಬ್ರು ಇದ್ರು, ಅವರಿಗೆ ದಿನಾ ಸಂಜೆ ಪ್ರತಿ ರ‍್ಯಾಕಿನ ಫೋಟೋ ತೆಗೆದು ಗ್ರೂಪಿಗೆ ಹಾಕೋ ಕೆಲಸ ಕೊಟ್ಟಿದ್ರು, ಸುಮಾರು ನಲವತ್ತು ಫೋಟೋ. ಸ್ಟೋರೇಜ್ ಫುಲ್ ಅಂತ ಬಂತು. ಆ ಅಕ್ಕ ಸ್ಟಾಕ್ ರೂಮಲ್ಲಿ ಒಂದು ಕಾರ್ಟನ್ ಮೇಲೆ ಕೂತು ಮಗುವಿನ ಹಳೇ ಫೋಟೋ ಒಂದೊಂದೇ ನೋಡಿ ಡಿಲೀಟ್ ಮಾಡ್ತಿದ್ರು, ರ‍್ಯಾಕ್ ಫೋಟೋಗೆ ಜಾಗ ಮಾಡಕ್ಕೆ. ಯಾಕಕ್ಕಾ ಅಂದ್ರೆ, ‘ಇರ್ಲಿ ಬಿಡು, ಒಂದೇ ಥರದ್ದು ಎರಡೆರಡು ಇತ್ತು’ ಅಂದ್ರು. ಅದು ನಂಗೆ ಇವತ್ತಿಗೂ ಮರೆತಿಲ್ಲ, ಯಾವ ಪೇ ಸ್ಲಿಪ್ಪಲ್ಲೂ ಕಾಣದೇ ಇರೋ ಕಡಿತ ಅದು.

ನಿಮ್ಮ ಫೋನು, ನಿಮ್ಮ ಡೇಟಾ ಪ್ಯಾಕು ಹೇಗೂ ಇದೆಯಲ್ಲ ಅಂತಾರೆ. 2014ರಲ್ಲಿ ಕ್ಯಾಲಿಫೋರ್ನಿಯಾದ ಅಪೀಲ್ ಕೋರ್ಟು ಇದೇ ವಾದನ ತಳ್ಳಿಹಾಕ್ತು, ಕೆಲಸಕ್ಕೆ ಸ್ವಂತ ಫೋನ್ ಬಳಸ್ಲೇಬೇಕು ಅಂತಿದ್ರೆ, ಅನ್‌ಲಿಮಿಟೆಡ್ ಪ್ಲಾನ್ ಇದ್ದು ಹೆಚ್ಚಿಗೆ ಖರ್ಚೇ ಆಗಿಲ್ಲ ಅಂದ್ರೂ ಬಿಲ್ಲಲ್ಲಿ ನ್ಯಾಯವಾದ ಒಂದು ಪಾಲು ಕಂಪನಿ ಕೊಡ್ಬೇಕು ಅಂತ. ಎಲ್ಲಾ ಕಡೆ ಈ ಕಾನೂನು ಇಲ್ಲ, ಆದ್ರೆ ಈ ತರ್ಕನ ಎಲ್ಲಿ ಬೇಕಾದ್ರೂ ಮಾತಾಡುವಾಗ ಬಳಸಬಹುದು. ನೀವು ಮಾಡ್ಬಹುದಾದ್ದು: ಕೌಂಟರಿಗೆ ಒಂದು ಕಾಮನ್ ಫೋನ್ ಕೊಡಿ ಅಂತ ಮೊದ್ಲು ಕೇಳೋದು, ಅದಾಗಲ್ಲ ಅಂದ್ರೆ ತಿಂಗಳಿಗೆ ಒಂದು ಫಿಕ್ಸೆಡ್ ಫೋನ್ ಅಲೋವೆನ್ಸ್ ಕೇಳೋದು, ಕೆಲಸದ ಆ್ಯಪಿಗೆ ಕಾಂಟ್ಯಾಕ್ಟ್ಸ್, ಲೊಕೇಶನ್ ಪರ್ಮಿಶನ್ ಶಿಫ್ಟ್ ಮುಗಿದ ಮೇಲೆ ಆಫ್ ಮಾಡೋದು. ಶಿಫ್ಟ್ ಆದ್ಮೇಲೆ ಬರೋ ಮೆಸೇಜಿಗೆ ಉತ್ತರ ಕೊಟ್ರೆ ಅದೂ ಕೆಲಸವೇ, ನಿಮಿಷ ಬರೀರಿ. ಫ್ರಾನ್ಸಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟಿಂದ, ಕೆಲಸದ ಹೊತ್ತಿನ ಆಚೆ ಆಫೀಸಿನ ಸಂಪರ್ಕದಿಂದ ದೂರ ಇರೋ ಹಕ್ಕು ಕಾನೂನಲ್ಲೇ ಇದೆ.

ಕ್ಯಾಶ್ ಶಾರ್ಟ್ ಬಂದಾಗ

ಕ್ಯಾಶ್ ಶಾರ್ಟ್ ಬಂತಂದ್ರೆ ಎಲ್ಲರಿಗೂ ಹಂಚಿ ಕಟ್ ಮಾಡೋದು ತುಂಬಾ ಕಡೆ ರೂಢಿ. ನಮ್ಮಲ್ಲಿ ಒಂದ್ಸಲ ಒಂದು ದೊಡ್ಡ ಮೊತ್ತ ಶಾರ್ಟ್ ಬಂದು ಆ ಶಿಫ್ಟಲ್ಲಿದ್ದ ಐದು ಜನರಿಗೆ ಹಂಚಿದ್ರು. ಮೂರು ವಾರ ಆದ್ಮೇಲೆ ಗೊತ್ತಾಯ್ತು, ಒಂದು ಕಾರ್ಡ್ ಪೇಮೆಂಟನ್ನ ಕ್ಯಾಶ್ ಅಂತ ಎಂಟ್ರಿ ಮಾಡಿದ್ರು ಅಷ್ಟೇ, ದುಡ್ಡು ಬ್ಯಾಂಕಲ್ಲೇ ಇತ್ತು. ಕಟ್ ಆಗಿದ್ದು ವಾಪಸ್ ಬರಕ್ಕೆ ಎರಡು ತಿಂಗಳು ಹಿಡೀತು, ಕೆಲಸ ಬಿಟ್ಟು ಹೋಗಿದ್ದ ಒಬ್ಬರಿಗೆ ಬರ್ಲೇ ಇಲ್ಲ.

ಹಾಗಾಗಿ ಶಿಫ್ಟ್ ಶುರುವಾದಾಗ ಗಲ್ಲಾದಲ್ಲಿರೋ ದುಡ್ಡನ್ನ ಇಬ್ರು ಸೇರಿ ಎಣಿಸಿ ಚೀಟಿಲಿ ಇಬ್ರೂ ಸೈನ್ ಹಾಕಿ, ಬ್ರೇಕಿಗೆ ಹೋಗುವಾಗ ಲಾಗ್ ಔಟ್ ಮಾಡಿ, ನಿಮ್ಮ ಲಾಗಿನ್ನಲ್ಲಿ ಬೇರೆಯವರು ಬಿಲ್ ಹಾಕಕ್ಕೆ ಬಿಡ್ಬೇಡಿ, ಎಷ್ಟೇ ಕ್ಲೋಸ್ ಇರ್ಲಿ. ಶಾರ್ಟ್ ಬಂದ್ರೆ ಮೊದ್ಲು ಕಾರ್ಡ್ ಮತ್ತೆ ಯುಪಿಐ ಥರದ ಪೇಮೆಂಟುಗಳ ಒಟ್ಟು ಮೊತ್ತನ ಬಿಲ್ಲಿಂಗ್ ರಿಪೋರ್ಟ್ ಜೊತೆ ತಾಳೆ ನೋಡಿ ಅಂತ ಕೇಳಿ, ಆಮೇಲೆ ರಿಟರ್ನ್ ಬಿಲ್ಲು, ಕ್ಯಾನ್ಸಲ್ ಬಿಲ್ಲು. ಇದಾದ್ಮೇಲೂ ಶಾರ್ಟ್ ಇದ್ರೆ, ನನ್ನ ತಪ್ಪಿಂದಾನೇ ಹೋಗಿದೆ ಅಂತ ಹೇಗೆ ತೀರ್ಮಾನ ಮಾಡಿದ್ರಿ ಅಂತ ಬರವಣಿಗೇಲಿ ಕೇಳಿ.

ಇದು ಉದ್ಧಟತನ ಅಲ್ಲ, ಇದಕ್ಕೆ ಎಷ್ಟೋ ಕಡೆ ಕಾನೂನೇ ಇದೆ. ಇಂಡಿಯಾದಲ್ಲಿ 1936ರ ವೇತನ ಪಾವತಿ ಕಾಯ್ದೆಲೂ, ಅದರ ಜಾಗಕ್ಕೆ ಬಂದಿರೋ 2019ರ ವೇತನ ಸಂಹಿತೆಲೂ ಒಂದು ವೇತನ ಅವಧಿಲಿ ಹಾಕೋ ದಂಡ ಆ ವೇತನದ ನೂರಕ್ಕೆ 3ಕ್ಕಿಂತ ಹೆಚ್ಚಾಗೋ ಹಾಗಿಲ್ಲ, ದಂಡ ಹಾಕೋ ಮುಂಚೆ ನಿಮ್ಮ ಮಾತು ಕೇಳ್ಬೇಕು, ಕಂತಲ್ಲಿ ವಸೂಲು ಮಾಡೋ ಹಾಗಿಲ್ಲ, ದಂಡ ಹಾಕಿ 90 ದಿನ ಕಳೆದ್ಮೇಲೆ ವಸೂಲು ಮಾಡೋ ಹಾಗೂ ಇಲ್ಲ. ನಷ್ಟ ಅಂತ ಕಟ್ ಮಾಡೋದಾದ್ರೆ ಅದು ನಿಮ್ಮ ನಿರ್ಲಕ್ಷ್ಯದಿಂದಾನೇ ಆಗಿರ್ಬೇಕು, ಆದ ನಷ್ಟಕ್ಕಿಂತ ಒಂದು ಪೈಸೆ ಹೆಚ್ಚಿಗೆ ತಗೊಳ್ಳಂಗಿಲ್ಲ. ಬ್ರಿಟನ್ನಲ್ಲಿ 1996ರ ಕಾನೂನಿನ ಪ್ರಕಾರ ಅಂಗಡಿ ಕೆಲಸದವರಿಂದ ಕ್ಯಾಶ್ ಶಾರ್ಟ್, ಸ್ಟಾಕ್ ಶಾರ್ಟ್ ಅಂತ ಒಂದು ಸಂಬಳದಲ್ಲಿ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಕಟ್ ಮಾಡೋ ಹಾಗಿಲ್ಲ, ಆದ್ರೆ ಕೆಲಸ ಬಿಡುವಾಗ ಕೊಡೋ ಕೊನೇ ಸಂಬಳಕ್ಕೆ ಈ ಮಿತಿ ಇಲ್ಲ, ಅದಕ್ಕೆ ಕೆಲಸ ಬಿಡೋ ಮುಂಚೆ ಇಂಥದ್ದನ್ನ ಬಗೆಹರಿಸ್ಕೊಳ್ಳಿ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1949ರಲ್ಲೇ ವೇತನ ರಕ್ಷಣೆ ಒಪ್ಪಂದ ಮಾಡಿ, ಕಾನೂನೋ ಸಾಮೂಹಿಕ ಒಪ್ಪಂದವೋ ಒಪ್ಪಿರೋ ರೀತಿಲಿ ಬಿಟ್ಟು ಸಂಬಳಕ್ಕೆ ಕೈ ಹಾಕ್ಬಾರ್ದು, ಏನು ಕಟ್ ಆಗತ್ತೆ ಅಂತ ಕೆಲಸಗಾರರಿಗೆ ಮೊದಲೇ ತಿಳಿಸ್ಬೇಕು, ಕೆಲಸ ಸಿಗಕ್ಕೆ ಇಲ್ಲ ಉಳಿಸ್ಕೊಳ್ಳಕ್ಕೆ ಅಂತ ಸಂಬಳದಿಂದ ದುಡ್ಡು ಹಿಡಿಯೋದನ್ನ ನಿಲ್ಲಿಸ್ಬೇಕು ಅಂತ ಬರೆದಿದೆ.

ಖಾಲಿ ವೋಚರ್, ಮೊತ್ತ ಬರೀದೇ ಇರೋ ಒಪ್ಪಿಗೆ ಪತ್ರ, ಹಿಂದಿನ ತಾರೀಖಿನ ಕಾಗದ, ಇವಕ್ಕೆ ಸೈನ್ ಹಾಕ್ಬೇಡಿ. ಹಾಕ್ಲೇಬೇಕು ಅಂತ ಒತ್ತಾಯ ಬಂದ್ರೆ ಸೈನ್ ಪಕ್ಕದಲ್ಲೇ ‘ಓದಿದ್ದೇನೆ, ಕಡಿತಕ್ಕೆ ಒಪ್ಪಿಲ್ಲ’ ಅಂತ ಬರ್ದು ತಾರೀಖು ಹಾಕಿ. ಕೈ ನಡುಗಿದ್ರೂ ಪರವಾಗಿಲ್ಲ, ಬರೀರಿ.

ಕೇಳೋದು

ಒಂದು ತಿಂಗಳ ಪುಸ್ತಕ ಕೈಲಿದ್ರೆ ಮಾತಿನ ರೀತಿಯೇ ಬದಲಾಗತ್ತೆ. ನೀವು ನಮ್ಮನ್ನ ಶೋಷಣೆ ಮಾಡ್ತಿದ್ದೀರಿ ಅಂತ ಶುರು ಮಾಡಿದ್ರೆ ಎದುರಿಗಿರೋ ಸೂಪರ್‌ವೈಸರ್ ತಕ್ಷಣ ಸಿಡಿದು ನಿಲ್ತಾರೆ, ಅವರ ಕೈಲೂ ಏನೂ ಇರಲ್ಲ ಎಷ್ಟೋ ಸಲ. ಅದರ ಬದ್ಲು ಎರಡರಲ್ಲಿ ಒಂದು ಆರಿಸ್ಬೇಕಾದ ಪ್ರಶ್ನೆ ಕೇಳಿ, ಮೆಸೇಜಲ್ಲಿ ಕೇಳಿ. ಉದಾಹರಣೆಗೆ ಹೀಗೆ:

‘ಸರ್, ನೀವು ಹೇಳಿದ ಹಾಗೆ ನಿನ್ನೆ ಪಂಚ್ ಔಟ್ ಆದ್ಮೇಲೆ ಕ್ಯಾಶ್ ಟ್ಯಾಲಿ ಮಾಡಿ ಹೊರಟೆ. ಪಂಚ್ 9.30, ಹೊರಟಿದ್ದು 9.50. ಇನ್ಮೇಲೆ ಟ್ಯಾಲಿ ಮುಗಿಸಿ ಪಂಚ್ ಮಾಡ್ಲಾ, ಇಲ್ಲ ಈ 20 ನಿಮಿಷನ ಓವರ್‌ಟೈಮಲ್ಲಿ ಸೇರಿಸ್ತೀರಾ, ದಯವಿಟ್ಟು ತಿಳಿಸಿ.’

ಇದ್ರಲ್ಲಿ ಬೈಗುಳ ಇಲ್ಲ, ದೂರು ಇಲ್ಲ, ಆದ್ರೆ ಯಾರು ಹೇಳಿದ್ದು, ಎಷ್ಟು ಹೊತ್ತು, ಏನು ಕೆಲಸ ಎಲ್ಲಾ ಬಂತು. ಅವರು ಉತ್ತರ ಕೊಡದೇ ಕರೆದು ಬಾಯಲ್ಲಿ ಹೇಳ್ತಾರೆ, ಸಾಮಾನ್ಯವಾಗಿ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊ’ ಅಂತ. ಬಂದ್ಮೇಲೆ ಇನ್ನೊಂದು ಮೆಸೇಜ್ ಹಾಕಿ, ‘ಸರ್, ಈಗ ಮಾತಾಡಿದ ಹಾಗೆ ಸದ್ಯಕ್ಕೆ ಪಂಚ್ ಆದ್ಮೇಲೇ ಟ್ಯಾಲಿ ಮಾಡ್ಬೇಕು ಅಂದ್ರಿ, ಸರಿ’ ಅಂತ. ಬಾಯಿಮಾತು ಗಾಳಿಗೆ ಹೋಗತ್ತೆ, ಇದು ಉಳಿಯತ್ತೆ. ಖರ್ಚಿನ ವಿಷಯದಲ್ಲಿ ಮಾಡೋ ಮುಂಚೇನೇ ಕೇಳಿ, ಬ್ಯಾಂಕಿಗೆ ಹೋಗ್ಬರಕ್ಕೆ ಪೆಟ್ರೋಲ್ ಬಿಲ್ ಯಾರಿಗೆ ಕೊಡ್ಲಿ ಸರ್ ಅಂತ, ಮಾಡಿಬಿಟ್ಟ ಮೇಲೆ ಕೇಳೋದು ಯಾವಾಗ್ಲೂ ಕಷ್ಟ.

ಸಾಧ್ಯ ಆದ್ರೆ ಒಬ್ಬರೇ ಹೋಗ್ಬೇಡಿ. ಮೂರು ಜನ ಬೇರೆ ಬೇರೆ ಕೈಬರಹದಲ್ಲಿ ಒಂದೇ ಥರದ ನಿಮಿಷಗಳನ್ನ ಬರ್ದಿಟ್ಟಿದ್ರೆ ಅದಕ್ಕೆ ಸುಳ್ಳು ಅನ್ನಕ್ಕಾಗಲ್ಲ. ಆದ್ರೆ ಮನೇಲಿ ಒಬ್ಬರದ್ದೇ ದುಡಿಮೆ, ಈ ತಿಂಗಳು ಕೆಲಸ ಹೋದ್ರೆ ಊಟಕ್ಕೇ ತೊಂದರೆ ಅನ್ನೋ ಪರಿಸ್ಥಿತಿ ಇದ್ರೆ ಈಗ್ಲೇ ಕೇಳ್ಬೇಕು ಅಂತೇನಿಲ್ಲ, ಬರ್ದಿಡೋದನ್ನ ಮಾತ್ರ ನಿಲ್ಲಿಸ್ಬೇಡಿ. ಕೇಳಿದ ಮೇಲೆ ಇದ್ದಕ್ಕಿದ್ದಂಗೆ ಶಿಫ್ಟ್ ಕಮ್ಮಿ ಆಯ್ತು, ವಾರದ ರಜೆ ಬದಲಾಯ್ತು, ಇಲ್ಲದ ತಪ್ಪಿಗೆ ಮೆಮೋ ಬಂತು ಅಂದ್ರೆ ಅದನ್ನೂ ತಾರೀಖು ಸಮೇತ ಬರೀರಿ, ಕೇಳಿದ ತಾರೀಖು ಪಕ್ಕದಲ್ಲೇ ಕಾಣೋ ಹಾಗೆ.

ಒಳಗೆ ಕೆಲಸ ಆಗ್ಲಿಲ್ಲ ಅಂದ್ರೆ ಎಚ್‌ಆರ್‌ಗೆ ಇಮೇಲ್, ಆಮೇಲೆ ಯೂನಿಯನ್ ಇದ್ರೆ ಯೂನಿಯನ್, ಆಮೇಲೆ ಲೇಬರ್ ಆಫೀಸು. ಹೋಗುವಾಗ ಪುಸ್ತಕದ ಜೊತೆ ಒಂದೇ ಪುಟದ ಸಾರಾಂಶ ಮಾಡ್ಕೊಂಡು ಹೋಗಿ, ಯಾವ ತಿಂಗಳಿಂದ ಯಾವ ತಿಂಗಳ ತನಕ, ಒಟ್ಟು ಎಷ್ಟು ಗಂಟೆ, ಎಷ್ಟು ಕಡಿತ, ಎಷ್ಟು ಕೈಖರ್ಚು ಅಂತ, ಅಲ್ಲಿ ಕೂತಿರೋರು ಇನ್ನೂರು ಪುಟ ಓದಲ್ಲ, ಆ ಒಂದು ಪುಟ ಓದ್ತಾರೆ. ದೂರು ಕೊಡಕ್ಕೆ ಎಲ್ಲಾ ಕಡೆ ಗಡುವು ಇರತ್ತೆ, ಅದು ಎಷ್ಟು ದಿನ ಅಂತ ಮೊದಲನೇ ಭೇಟಿಲೇ ಕೇಳಿ ಬರ್ಕೊಳ್ಳಿ. ಕಾನೂನು ಜಾಗದಿಂದ ಜಾಗಕ್ಕೆ ಬದಲಾಗತ್ತೆ ಅನ್ನೋದೂ ನೆನಪಿರ್ಲಿ, ಅಮೆಜಾನ್ ಗೋಡೌನಲ್ಲಿ ಕೆಲಸ ಮುಗಿಸಿ ಹೊರಡುವಾಗ ಚೆಕಿಂಗಿಗೆ ಕ್ಯೂ ನಿಲ್ಲೋ ಹೊತ್ತಿಗೆ ಸಂಬಳ ಕೊಡ್ಬೇಕಿಲ್ಲ ಅಂತ 2014ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಫೆಡರಲ್ ಕಾನೂನಿನ ಪ್ರಕಾರ ಹೇಳ್ತು, ಅದೇ ಥರದ ಚೆಕಿಂಗಿಗೆ ಕೊಡ್ಲೇಬೇಕು ಅಂತ 2021ರಲ್ಲಿ ಪೆನ್ಸಿಲ್ವೇನಿಯಾದ ಸುಪ್ರೀಂ ಕೋರ್ಟು ಆ ರಾಜ್ಯದ ಕಾನೂನಿನ ಪ್ರಕಾರ ಹೇಳ್ತು. ಒಂದು ಕಡೆ ಸೋತ ವಿಷಯ ಇನ್ನೊಂದು ಕಡೆ ಗೆದ್ದಿದೆ, ಹಾಗಾಗಿ ಯಾರೋ ಒಬ್ರು ಆಗಲ್ಲ ಅಂದ್ರು ಅಂತ ಬಿಡ್ಬೇಡಿ, ನಿಮ್ಮ ಕಡೆಯ ಕಾನೂನು ಗೊತ್ತಿರೋರ ಹತ್ರಾನೇ ಕೇಳಿ.

ಇದನ್ನ ಓದ್ತಿರೋರು ಸೂಪರ್‌ವೈಸರ್ ಆಗಿದ್ರೆ

ಮೇಲಿಂದ ಟಾರ್ಗೆಟ್ ಬರತ್ತೆ, ಕೆಳಗೆ ಜನ ಕಮ್ಮಿ ಇರ್ತಾರೆ, ನಡುವೆ ನೀವು. ನಾನೂ ಇದ್ದೆ ಅಲ್ಲಿ. ನಿಮ್ಮ ಕೈಲಿ ಸಂಬಳ ಜಾಸ್ತಿ ಮಾಡಕ್ಕಾಗಲ್ಲ, ಆದ್ರೆ ರೋಸ್ಟರ್ ಬರೆಯೋದು ನೀವೇ. ಅಂಗಡಿ 9.30ಕ್ಕೆ ಮುಚ್ಚತ್ತೆ ಅಂದ್ರೆ ಶಿಫ್ಟ್ 9.30ಕ್ಕೆ ಮುಗಿಯತ್ತೆ ಅಂತ ಹಾಕ್ಬೇಡಿ, ಕ್ಲೋಸಿಂಗಿಗೆ ಎಷ್ಟು ಹಿಡಿಯತ್ತೆ ಅಂತ ಎರಡು ವಾರ ಗಡಿಯಾರ ನೋಡಿ ಬರೀರಿ, ಆ ಶೀಟನ್ನ ಮ್ಯಾನೇಜರಿಗೆ ಕಳಿಸಿ. ನಾನು ಮೂರು ಸಲ ಬಾಯಲ್ಲಿ ಕೇಳಿದಾಗ ಆಗಲ್ಲ ಅಂದಿದ್ರು. ನಾಲ್ಕನೇ ಸಲ 14 ದಿನದ ಟೈಮು ಬರ್ದಿರೋ ಶೀಟ್ ಜೊತೆ ಇಮೇಲ್ ಹಾಕ್ದೆ, ಒಂದು ವಾರ ಉತ್ತರ ಬರ್ಲಿಲ್ಲ, ಆಮೇಲೆ ಫೋನ್ ಮಾಡಿ ಮುಂದಿನ ತಿಂಗಳಿಂದ 9.50 ಅಂತ ಹಾಕು ಅಂದ್ರು. ಹಳೇ ನಿಮಿಷಗಳಿಗೆ ದುಡ್ಡು ಕೊಡ್ಲಿಲ್ಲ, ಅದನ್ನ ಕೇಳೋದು ಬಾಕಿ ಇತ್ತು, ಅಷ್ಟರಲ್ಲಿ ನಾನು ಬೇರೆ ಕಡೆ ಹೋದೆ. ನೀವು ಕೇಳುವಾಗ ಎರಡನ್ನೂ ಒಂದೇ ಇಮೇಲಲ್ಲಿ ಕೇಳಿ, ಮುಂದಿನ ಟೈಮೂ, ಹಿಂದಿನ ಬಾಕೀನೂ.